ಕೌಲು ಇಲ್ಲದ ಹೊಲಕ್ಕೆ ಗೊಬ್ಬರ ಹಾಕುವವರಾರು?

ಬಳ್ಳಾರಿಯ ಕೌಲ್ ಬಜಾರ್ ಇಂದು ಜನ ಕಿಕ್ಕಿರಿದ ಬಡಾವಣೆ. ಅಂಗಡಿಗಳ ಸಾಲು, ಹೊಲಿಗೆ ಯಂತ್ರಗಳ ಸದ್ದು, ಇಕ್ಕಟ್ಟಾದ ಓಣಿಗಳು. ಇಲ್ಲಿ ಹೊಲದ ಸುಳಿವಿಲ್ಲ. ಆದರೆ ಬಜಾರಿನ ಹೆಸರಿನಲ್ಲಿ ಹೊಲಕ್ಕೆ ಸಂಬಂಧಿಸಿದ ಹಳೆಯ ಮಾತೊಂದು ಉಳಿದುಕೊಂಡಿದೆ.

‘ಕೌಲು’ ಅರಬ್ಬಿಯಿಂದ ಬಂದ ಪದ. ಕೊಟ್ಟ ಮಾತು, ವಚನ ಎಂಬುದು ಅದರ ಮೂಲ ಅರ್ಥ. ಯುದ್ಧದಿಂದಲೋ ಬರದಿಂದಲೋ ಪಾಳು ಬಿದ್ದ ಊರಿಗೆ ಒಕ್ಕಲು ಮಕ್ಕಳನ್ನು ಮರಳಿ ಕರೆತರಬೇಕಾದಾಗ ಆಳುವವರು ಬರೆದುಕೊಡುತ್ತಿದ್ದ ಪತ್ರವೇ ಕೌಲು. ಇಷ್ಟು ವರ್ಷ ಈ ಭೂಮಿ ನಿನ್ನದು, ಮೊದಲ ವರ್ಷ ಕಂದಾಯ ಇಷ್ಟು, ಮುಂದಿನ ವರ್ಷ ಇಷ್ಟು, ಅದಕ್ಕಿಂತ ಹೆಚ್ಚು ಕೇಳುವುದಿಲ್ಲ ಎಂಬ ಭರವಸೆ ಅದರಲ್ಲಿರುತ್ತಿತ್ತು. ಪೇಟೆಗೆ ಬಂದು ನೆಲೆಸುವ ವರ್ತಕರಿಗೂ ಇಂಥದೇ ಕೌಲು ಸಿಗುತ್ತಿತ್ತು. ದಂಡು ಪ್ರದೇಶದ ಪಕ್ಕದಲ್ಲಿ ಬೆಳೆದ ಈ ಬಜಾರಿನ ಹೆಸರಿನಲ್ಲಿರುವುದೂ ಅದೇ ಪದ.

ಈ ಹಳೆಯ ಪದವನ್ನು ಇಂದು ನೆನೆಯಲು ಕಾರಣವಿದೆ. ಬದು ಹಾಕಿ, ಸಾವಯವ ಗೊಬ್ಬರ ಬಳಸಿ, ಮಣ್ಣು ಪರೀಕ್ಷೆ ಮಾಡಿಸಿ ಎಂದು ಸರ್ಕಾರಗಳು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಸಣ್ಣ ರೈತರಿಗೆ ಹೇಳುತ್ತಾ ನೂರು ವರ್ಷಗಳೇ ಕಳೆದಿವೆ. ರೈತರು ಕೆಲವನ್ನು ಕೂಡಲೇ ಒಪ್ಪಿದರು. ಕೆಲವನ್ನು ಒಪ್ಪಿದಂತೆ ಮಾಡಿ ಬಿಟ್ಟರು. ಇನ್ನು ಕೆಲವನ್ನು ಕಿತ್ತೇ ಹಾಕಿದರು. ‘ರೈತರಲ್ಲಿ ತಿಳಿವಳಿಕೆಯ ಕೊರತೆ ಇದೆ’ ಎಂಬುದು ಇದಕ್ಕೆ ಕಚೇರಿಗಳು ಕೊಡುತ್ತಾ ಬಂದ ಉತ್ತರ. ಈ ಸೀಮೆಯ ಇತಿಹಾಸ ಬೇರೆಯೇ ಉತ್ತರ ಕೊಡುತ್ತದೆ.

ಮನ್ರೋ ಕಂಡ ಲೆಕ್ಕ

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಎಂದು ಹೆಸರಾದ ಈ ಪ್ರದೇಶಕ್ಕೆ ಪ್ರಧಾನ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಏಳು ವರ್ಷ ಇಲ್ಲಿದ್ದು ಹೊಲ ಹೊಲವನ್ನೂ ಅಳೆಸಿ ಕಂದಾಯ ನಿಗದಿ ಮಾಡಿಸಿದ. ರೈತನೊಂದಿಗೆ ನೇರ ವ್ಯವಹಾರದ ರೈತವಾರಿ ಪದ್ಧತಿಗೆ ಅವನ ಹೆಸರು ಅಂಟಿಕೊಂಡಿದ್ದು ಇಲ್ಲಿಯ ಅನುಭವದಿಂದಲೂ ಹೌದು.

ತಾನು ನಿಗದಿ ಮಾಡಿದ ಕಂದಾಯ ಒಟ್ಟು ಹುಟ್ಟುವಳಿಯ ಶೇ 45ರಷ್ಟಾಗುತ್ತದೆ ಎಂದು ಮನ್ರೋ ತಾನೇ ಲೆಕ್ಕ ಹಾಕಿದ. ಅದು ಮೂರನೇ ಒಂದು ಭಾಗಕ್ಕಿಂತ ಮೇಲೆ ಹೋದರೆ ರೈತನಿಗೆ ಭೂಮಿ ಆಸ್ತಿಯಾಗಿ ಉಳಿಯದೆ ಹೊರೆಯಾಗುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. 1807ರಲ್ಲಿ ದತ್ತ ಮಂಡಲ ಬಿಡುವ ಮುನ್ನ ಮೇಲಿನವರಿಗೆ ವರದಿ ಬರೆದು, ಎಲ್ಲ ಭೂಮಿಯ ಕಂದಾಯವನ್ನು ಶೇ 25ರಷ್ಟು ಇಳಿಸಬೇಕು ಎಂದು ಕೇಳಿದ. ಬಾವಿ ನೀರಿನಿಂದ ಬೆಳೆಯುವ ಭೂಮಿಗೆ, ಬಾವಿಯ ದುರಸ್ತಿಯನ್ನು ರೈತನೇ ನೋಡಿಕೊಳ್ಳುವುದಾದರೆ, ಶೇ 33ರಷ್ಟು ಇಳಿಸಬೇಕು ಎಂದ. ಭೂಮಿಗೆ ಹಾಕಿದ ಬೆವರಿನ ಫಲ ತನಗೇ ಉಳಿಯುತ್ತದೆ ಎಂದು ಖಾತ್ರಿಯಾದರೆ ರೈತ ತಾನಾಗಿ ಭೂಮಿಯನ್ನು ತಿದ್ದುತ್ತಾನೆ ಎಂಬುದು ಆ ವಾದದ ತಿರುಳು.

ಕಂಪನಿ ಆಗ ಒಪ್ಪಲಿಲ್ಲ. ಬದಲಾಗಿ ಊರಿಗೆ ಊರನ್ನೇ ಗುತ್ತಿಗೆ ಕೊಡುವ ಪದ್ಧತಿ ತಂದಿತು. ಮೊದಲು ಮೂರು ವರ್ಷ, ಆಮೇಲೆ ಹತ್ತು ವರ್ಷದ ಗುತ್ತಿಗೆ. ಗುತ್ತಿಗೆ ಹಿಡಿದವನ ಕಣ್ಣು ಅವಧಿ ಮುಗಿಯುವುದರೊಳಗೆ ಹಣ ಎತ್ತುವುದರ ಮೇಲಿತ್ತು. ಅವನ ಕೆಳಗೆ ಉಳುವವನಿಗೆ ನಾಳೆಯ ಭರವಸೆಯೇ ಇರಲಿಲ್ಲ. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರನಾಗಿ ಬಂದ ಮೇಲೆ ರೈತವಾರಿ ಮರಳಿತು, ಕಂದಾಯವೂ ಇಳಿಯಿತು. ಕಂಪನಿಯ ಆಡಳಿತವನ್ನು ಹೊಗಳಲು ಈ ಪ್ರಸಂಗ ಸಾಕಾಗದು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆದರೆ ಫಲ ಯಾರಿಗೆ ಸೇರುತ್ತದೆ ಎಂಬ ಪ್ರಶ್ನೆ ಅಂದಿನಿಂದಲೂ ಹಾಗೆಯೇ ನಿಂತಿದೆ.

ಯಾರೂ ಹೇಳದೆ ಮಾಡಿದ್ದು

ಈ ಸೀಮೆಯಲ್ಲಿ ಭೂಮಿ ಮುಖ್ಯವಾಗಿ ಎರಡು ಬಗೆ. ಎರೆ ಮತ್ತು ಮಸಾರಿ. ಎರೆ ಎಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಸಾರಿ ಕೆಂಪು ಮಣ್ಣು. ನೀರು ಬೇಗ ಇಳಿಯುತ್ತದೆ, ಬೇಗ ಆರುತ್ತದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ಅದರಲ್ಲೂ ಹೆಚ್ಚಿನದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಆಳವಾದ ಎರೆ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು, ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುವುದು ಹಿಂದಿನಿಂದ ಬಂದ ರೂಢಿ. ನೆಲದೊಳಗೆ ಕೂತ ಹಸಿಯೇ ಬೆಳೆಗೆ ಆಧಾರ.

ಇಂಥ ನೆಲವನ್ನು ತಿದ್ದಲು ರೈತರು ಯಾವ ಇಲಾಖೆಗೂ ಕಾಯಲಿಲ್ಲ. ಎರೆಯಲ್ಲಿ ಕರಿಕೆ ಹಬ್ಬಿದಾಗ ಹಲವು ಜೊತೆ ಎತ್ತು ಕಟ್ಟಿ ದೊಡ್ಡ ನೇಗಿಲು ಹೊಡೆಯುತ್ತಿದ್ದರು. ಒಬ್ಬನ ಬಳಿ ಅಷ್ಟು ಎತ್ತು ಇಲ್ಲದಿದ್ದರೆ ಅಕ್ಕಪಕ್ಕದವರು ಮುಯ್ಯಿಗೆ ಬರುತ್ತಿದ್ದರು. ಸುಗ್ಗಿ ಮುಗಿದ ಹೊಲದಲ್ಲಿ ಕುರುಬರ ಕುರಿ ಹಿಂಡನ್ನು ರಾತ್ರಿ ನಿಲ್ಲಿಸಿ, ಪ್ರತಿಯಾಗಿ ಕಾಳು ಅಥವಾ ಹಣ ಕೊಡುವ ಪದ್ಧತಿ ಇಂದಿಗೂ ಇದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಗೋಡು ಮಣ್ಣನ್ನು ಬಂಡಿಯಲ್ಲಿ ತಂದು ಮಸಾರಿ ಹೊಲಕ್ಕೆ ಹರವುತ್ತಿದ್ದರು. ಬಂಡಿಯ ಜಾಗಕ್ಕೆ ಈಗ ಟ್ರ್ಯಾಕ್ಟರ್ ಬಂದಿದೆ. 2017ರ ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ಹೂಳೆತ್ತಲು ರೈತರೇ ಮುಂದಾಗಿ ‘ಹೂಳಿನ ಜಾತ್ರೆ’ ನಡೆಸಿದ್ದನ್ನು ಈ ಭಾಗದವರು ಮರೆತಿಲ್ಲ.

ಈ ಮೂರರಲ್ಲೂ ಒಂದು ಸಾಮ್ಯವಿದೆ. ಫಲ ಒಂದೆರಡು ಬೆಳೆಯೊಳಗೆ ಕಣ್ಣಿಗೆ ಕಾಣುತ್ತದೆ. ಬಿಡುವಿನ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಹಾಕಿದವನ ಹೊಲದಲ್ಲೇ ಅದು ಉಳಿಯುತ್ತದೆ.

ಹೊಸದನ್ನು ಕಂಡರೆ ರೈತ ಹೆದರುತ್ತಾನೆ ಎನ್ನುವವರು ಬೆಳಗಾವಿಯ ಕಥೆ ಹೇಳುವುದುಂಟು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾರುಕಟ್ಟೆಗೆ ತಂದಾಗ, ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆ ಎಂದು ರೈತರು ಅಂಜಿದರಂತೆ. ಮೊದಲ ಆರು ನೇಗಿಲು ಮಾರಲು ಎರಡು ವರ್ಷ ಹಿಡಿಯಿತು ಎಂಬುದು ಆ ಸಂಸ್ಥೆಯ ಚರಿತ್ರೆಯಲ್ಲೇ ಬರುವ ಮಾತು. ಆದರೆ ಮರದ ನೇಗಿಲು ಮುರಿದರೆ ಊರ ಬಡಗಿ ಇದ್ದ, ಅವನಿಗೆ ಸುಗ್ಗಿಯಲ್ಲಿ ಆಯ ಕೊಟ್ಟರೆ ಸಾಕಿತ್ತು. ಕಬ್ಬಿಣದ ನೇಗಿಲಿಗೆ ರೊಕ್ಕ ಬೇಕು, ಮುರಿದರೆ ಬಿಡಿಭಾಗ ಪಟ್ಟಣದಿಂದ ಬರಬೇಕು, ಎತ್ತುಗಳೂ ಗಟ್ಟಿ ಇರಬೇಕು. ಆ ನೇಗಿಲು ಕರಿಕೆಯ ಬೇರನ್ನು ಕೀಳುವುದು ಕಂಡ ಮೇಲೆ ಅದೇ ರೈತರು ಕೊಂಡರು. ವಿಷದ ಭಯ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ.

ಹಗರಿಯ ಪಾಠ

ಬಳ್ಳಾರಿಯ ಬಳಿ ವೇದಾವತಿ, ಅಂದರೆ ಹಗರಿ ನದಿಯ ದಂಡೆಯಲ್ಲಿ 1906ರಲ್ಲಿ ಮದ್ರಾಸ್ ಸರ್ಕಾರ ಕೃಷಿ ಸಂಶೋಧನಾ ಕೇಂದ್ರವನ್ನು ತೆರೆಯಿತು. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆ ದೇಶದಲ್ಲಿ ಆರಿಸಿದ ಐದು ಕೇಂದ್ರಗಳಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯೂ ಒಂದು. ಸುಮಾರು ಹತ್ತು ವರ್ಷ ಶ್ರಮಿಸಿ ವಿಜ್ಞಾನಿಗಳು ರೈತರಿಗೆ ಒಂದು ಕ್ರಮ ಹೇಳಿದರು. ಬದು ಹಾಕಿ ನೀರು ತಡೆಯಿರಿ, ಕೆಲ ವರ್ಷಕ್ಕೊಮ್ಮೆ ಆಳ ಉಳುಮೆ ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ, ಬೀಜ ಕಡಿಮೆ ಮಾಡಿ ಸಾಲಿನ ಅಂತರ ಹೆಚ್ಚಿಸಿ, ಮೇಲಿಂದ ಮೇಲೆ ಎಡೆ ಹೊಡೆಯಿರಿ.

ಸಲಹೆಯಲ್ಲಿ ತಪ್ಪಿರಲಿಲ್ಲ. ಆದರೂ ಅದು ಹೊಲಗಳಿಗೆ ಹೆಚ್ಚು ಇಳಿಯಲಿಲ್ಲ. ಕಾರಣ ಅಂಕಿಗಳಲ್ಲೇ ಇದೆ. ಆಗ ಒಣ ಬೇಸಾಯದ ಇಳುವರಿ ಹೆಕ್ಟೇರಿಗೆ 200ರಿಂದ 400 ಕೆ.ಜಿ. ಹೊಸ ಕ್ರಮದಿಂದ ಹೆಚ್ಚಿದ್ದು ಶೇ 15ರಿಂದ 20. ಎಕರೆಗೆ ಲೆಕ್ಕ ಹಾಕಿದರೆ 12ರಿಂದ 32 ಕೆ.ಜಿ. ಕಾಳು. ಅಷ್ಟು ಜೋಳಕ್ಕಾಗಿ ಬದುವಿನ ಕೂಲಿ, ಹೆಚ್ಚುವರಿ ಎತ್ತಿನ ದುಡಿಮೆ, ಬಂಡಿಗಟ್ಟಲೆ ಗೊಬ್ಬರ. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಐದಾರು ಎಕರೆಯ ರೈತ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಲಿಲ್ಲ, ಮನಸ್ಸಿನಲ್ಲೇ ಹಾಕಿದ.

ಬದು ಒಡೆದವರು

ಮುಂದೆ ಬದುವಿನ ಕಾಲ ಬಂತು. 1940ರ ದಶಕದ ಕೊನೆಯಲ್ಲಿ ಮದ್ರಾಸ್ ಸರ್ಕಾರ ಬದು ಹಾಕಿಸಲು ಕಾಯ್ದೆಯನ್ನೇ ಮಾಡಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕೇಂದ್ರ ಸರ್ಕಾರ ಇಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಸ್ಥಾಪಿಸಿತು. ಆಗಿನ ಮುಖ್ಯ ಮಂತ್ರ ಸಮಪಾತಳಿ ಬದು. ನೆಲದ ಒಂದೇ ಎತ್ತರದ ಗೆರೆ ಹಿಡಿದು ಮಣ್ಣಿನ ಏರಿ ಹಾಕಿದರೆ ಹರಿಯುವ ನೀರು ಅಲ್ಲೇ ನಿಂತು ಇಂಗುತ್ತದೆ ಎಂಬುದು ತತ್ವ.

ಮಸಾರಿಯಲ್ಲಿ ಇದು ನಡೆಯಿತು. ಎರೆಯಲ್ಲಿ ನಡೆಯಲಿಲ್ಲ. ಎರೆ ಒಮ್ಮೆ ನೆನೆದರೆ ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಬದುವಿನ ಪಕ್ಕದಲ್ಲಿ ನೀರು ದಿನಗಟ್ಟಲೆ ನಿಂತು ಬಿತ್ತನೆಯ ಹದ ತಪ್ಪಿತು, ಬೆಳೆ ಕೊಳೆಯಿತು. ಬೇಸಿಗೆಯಲ್ಲಿ ಬದುವೇ ಬಿರುಕು ಬಿಟ್ಟಿತು. ಮುಂದಿನ ದೊಡ್ಡ ಮಳೆಗೆ ಆ ಬಿರುಕಿನಲ್ಲಿ ನೀರು ನುಗ್ಗಿ ಬದು ಒಡೆದು ಕೆಳಗಿನ ಹೊಲ ಕೊಚ್ಚಿಹೋಯಿತು. ಕೆಲವೆಡೆ ರೈತರು ತಾವೇ ಗುದ್ದಲಿ ಹಿಡಿದು ಬದು ಕಡಿದು ನೀರು ಬಿಟ್ಟರು. ಕಚೇರಿಯ ಕಡತದಲ್ಲಿ ಇದು ‘ರೈತರ ಅಸಹಕಾರ’ ಎನಿಸಿತು. ಆದರೆ ನಂತರ ಬಳ್ಳಾರಿಯ ಸಂಶೋಧನೆಯೇ ಆಳವಾದ ಎರೆ ಭೂಮಿಗೆ ಸಮಪಾತಳಿ ಬದು ಹೊಂದುವುದಿಲ್ಲ, ಸ್ವಲ್ಪ ಇಳಿಜಾರು ಕೊಟ್ಟು ಹೆಚ್ಚಿನ ನೀರು ಮೆಲ್ಲಗೆ ಹೊರಹೋಗುವಂತೆ ಮಾಡಿದ ಬದುವೇ ಸರಿ ಎಂದು ಹೇಳಿತು. ಗುದ್ದಲಿ ಹಿಡಿದ ರೈತ ಮಾಡಿದ್ದೂ ಅದನ್ನೇ.

ಇನ್ನೊಂದು ತೊಡಕು ಹಿಸ್ಸೆಯದು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹೊಲಗಳು ಉದ್ದುದ್ದ ಪಟ್ಟಿಗಳು. ಎತ್ತರದ ಗೆರೆ ಹಿಡಿದು ಬರುವ ಬದು ಒಬ್ಬನ ಹೊಲವನ್ನು ಓರೆಯಾಗಿ ಸೀಳಿ ಮತ್ತೊಬ್ಬನ ಹೊಲಕ್ಕೆ ಹೋಗುತ್ತದೆ. ಕೂರಿಗೆ ತಿರುಗಿಸಲು ಮೂಲೆ ಸಾಲದು, ಒಂದಿಷ್ಟು ನೆಲ ಬದುವಿನ ಅಡಿಗೇ ಹೋಯಿತು. ಮೇಲಿನವನ ನೀರು ಒಂದೇ ಕಡೆ ಸೇರಿ ಕೆಳಗಿನವನ ಮೇಲೆ ಬಿದ್ದು ಜಗಳವಾಯಿತು. ತನ್ನ ಹದ್ದಿನ ಗುಂಟ ಒಡ್ಡು ಹಾಕಿ, ತಗ್ಗಿನಲ್ಲಿ ಕಲ್ಲಿನ ಕೋಡಿ ಕಟ್ಟುವುದನ್ನು ರೈತ ಮೊದಲೇ ಬಲ್ಲ. ಆ ಒಡ್ಡಿಗೆ ನೆರವು ಸಿಕ್ಕ ಕಡೆ ಅವನು ಬೇಡವೆನ್ನಲಿಲ್ಲ.

ಇದು ಬಳ್ಳಾರಿಯ ರೈತನ ಹಟವೇನಲ್ಲ. 1930ರ ದಶಕದಲ್ಲಿ ಅಮೆರಿಕದ ಬಯಲು ಸೀಮೆಯ ಮಣ್ಣು ಧೂಳಾಗಿ ಹಾರಿದಾಗ ಅಲ್ಲಿನ ಸರ್ಕಾರ ಬರಿಯ ಉಪದೇಶ ಮಾಡಿ ಕೂರಲಿಲ್ಲ. 1935ರಲ್ಲಿ ಮಣ್ಣು ಸಂರಕ್ಷಣಾ ಇಲಾಖೆ ತೆರೆದು, 1936ರ ಕಾಯ್ದೆಯಂತೆ ಮಣ್ಣು ಕಾಯುವ ಬೆಳೆಗೆ ಬದಲಾದ ರೈತರಿಗೆ ಹಣವನ್ನೇ ಕೊಟ್ಟಿತು. ಮಣ್ಣು ಉಳಿದರೆ ಲಾಭ ನಾಡಿಗೆಲ್ಲ, ಖರ್ಚು ಒಬ್ಬನಿಗೇ ಆಗಬಾರದು ಎಂಬ ತಿಳಿವಳಿಕೆ ಅಲ್ಲಿ ಸರ್ಕಾರಕ್ಕೆ ಬಂದಿತ್ತು.

ಸೊಪ್ಪೆ ಮಣ್ಣಿಗೋ, ಎತ್ತಿಗೋ?

ಬಳ್ಳಾರಿಯ ಸಂಶೋಧನೆ ಕಂಡುಕೊಂಡ ಇನ್ನೊಂದು ಉಪಾಯ ಸ್ವಾರಸ್ಯದ್ದು. ಎರೆ ಹೊಲದಲ್ಲಿ ಅಲ್ಲಲ್ಲಿ ಆಳವಾದ ಕಿರುಗಾಲುವೆ ತೋಡಿ ಜೋಳದ ಸೊಪ್ಪೆಯನ್ನು ನೆಟ್ಟಗೆ ತುಂಬಿದರೆ, ಆ ಸೊಪ್ಪೆಯ ಗುಂಟ ಮಳೆನೀರು ನೆಲದಾಳಕ್ಕೆ ಇಳಿಯುತ್ತದೆ. ಪ್ರಯೋಗದ ತಾಕುಗಳಲ್ಲಿ ಇಳುವರಿ ಏರಿತು. ರೈತರ ಹೊಲದಲ್ಲಿ ಇದು ಹಬ್ಬಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಳ್ಳಾರಿಯಲ್ಲಿ ಜೋಳ ಬೆಳೆಯುವುದು ಕಾಳಿಗೆ ಎಷ್ಟೋ ಸೊಪ್ಪೆಗೂ ಅಷ್ಟೇ. ಬೇಸಿಗೆಯಲ್ಲಿ ಎತ್ತು ಎಮ್ಮೆ ಬದುಕುವುದು ಬಣವೆಯ ಮೇಲೆ. ಬರದ ವರ್ಷ ಕಾಳಿಗಿಂತ ಸೊಪ್ಪೆಯೇ ತುಟ್ಟಿ. ಅದನ್ನು ಮಣ್ಣಿನಲ್ಲಿ ಹೂಳುವುದೆಂದರೆ ಎತ್ತಿನ ಬಾಯಿಂದ ಕಿತ್ತು ನೆಲಕ್ಕೆ ಹಾಕಿದಂತೆ.

ಕೊಟ್ಟಿಗೆ ಗೊಬ್ಬರದ ಕಥೆಯೂ ಇದೇ. ಉರುವಲು ಇಲ್ಲದ ಬಯಲು ಸೀಮೆಯಲ್ಲಿ ಸಗಣಿ ಕುರುಳಾಗಿ ಒಲೆ ಸೇರಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾಗಿ ತಿಪ್ಪೆಯೇ ಕರಗಿತು. ಗೊಬ್ಬರದ ಗುಣ ಗೊತ್ತಿಲ್ಲದ ರೈತ ಈ ಸೀಮೆಯಲ್ಲಿ ಇಲ್ಲ. ಗೊಬ್ಬರ ಇಲ್ಲದ ರೈತರು ಬಹಳ.

ಕಾಲುವೆ ತಂದ ಹೊಸ ಪ್ರಶ್ನೆ

ಸಿರುಗುಪ್ಪ, ದೇಶನೂರು, ಕಂಪ್ಲಿಗಳಲ್ಲಿ ವಿಜಯನಗರ ಕಾಲದ ಕಾಲುವೆಗಳಡಿ ಭತ್ತ ಹಳೆಯದು. ಆದರೆ ವಿಶಾಲವಾದ ಎರೆ ಬಯಲಿಗೆ ತುಂಗಭದ್ರೆಯ ನೀರು ಹರಿಸುವ ಮಾತು ಬಂದಾಗ, ಈ ಮಣ್ಣು ನೀರಾವರಿ ತಾಳೀತೇ ಎಂಬ ಅನುಮಾನ ತಜ್ಞರಿಗೇ ಇತ್ತು. ಅದನ್ನು ಪರೀಕ್ಷಿಸಲೆಂದೇ 1930ರ ದಶಕದಲ್ಲಿ ಸಿರುಗುಪ್ಪದಲ್ಲಿ ಸಂಶೋಧನಾ ಕೇಂದ್ರ ಆರಂಭವಾಯಿತು. 1945ರಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗೆ ನೀರು ಬಂತು. ಯೋಜನೆ ಹಾಕಿದ್ದು ಲಘು ನೀರಾವರಿಗೆ. ಜೋಳ, ಹತ್ತಿ, ಶೇಂಗಾಕ್ಕೆ ಆಗಾಗ ಒಂದೊಂದು ನೀರು, ಭತ್ತಕ್ಕೆ ಗೊತ್ತು ಮಾಡಿದ ಸ್ವಲ್ಪ ಜಾಗ.

ಮೊದಮೊದಲು ಒಣ ಬೇಸಾಯದ ಸ್ಥಳೀಯರು ನೀರು ಪಡೆಯಲು ಹಿಂದೇಟು ಹಾಕಿದರು. ನೆಲ ಸಮ ಮಾಡಲು, ಮಡಿ ಕಟ್ಟಲು ಸಾಲ ಮಾಡಬೇಕಿತ್ತು. ಆಗ ಆಂಧ್ರದ ಕರಾವಳಿಯಿಂದ ಬಂದ ರೈತರು ಭೂಮಿ ಕೊಂಡು, ಕ್ಯಾಂಪುಗಳಲ್ಲಿ ನೆಲೆಸಿ, ನೆಲ ಸಮಮಾಡಿ ಭತ್ತ ಬೆಳೆದರು. ಅವರ ಗದ್ದೆಯ ರಾಶಿ ನೋಡಿ ಸ್ಥಳೀಯರೂ ಭತ್ತಕ್ಕೆ ಇಳಿದರು. ಹಿಂದೇಟು ಹಾಕಿದ ರೈತನೇ ಕೆಲ ವರ್ಷಗಳಲ್ಲಿ ಪೂರಾ ಬದಲಾದ. ಅವನ ಬುದ್ಧಿ ಬದಲಾಗಿರಲಿಲ್ಲ, ಮುಂದಿದ್ದ ಲೆಕ್ಕ ಬದಲಾಗಿತ್ತು.

ಭತ್ತ ಹೆಚ್ಚಿದಂತೆ ಕಾಲುವೆಯ ಕೊನೆಯವರಿಗೆ ನೀರು ಕಡಿಮೆಯಾಯಿತು. ತಗ್ಗಿನ ಎರೆಯಲ್ಲಿ ನೀರು ಬಸಿಯದೆ ಉಪ್ಪು ಮೇಲೆದ್ದು ಸವಳು-ಜವಳು ಹಬ್ಬಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ಭೂಮಿ 90 ಸಾವಿರ ಹೆಕ್ಟೇರಿಗೂ ಹೆಚ್ಚು ಎಂಬ ಅಂದಾಜಿದೆ. ಇದಕ್ಕೆ ಮದ್ದು ಗೊತ್ತಿದೆ. ಬಸಿಗಾಲುವೆ, ಜಿಪ್ಸಂ, ಡಯಾಂಚದಂಥ ಹಸಿರೆಲೆ ಗೊಬ್ಬರ. ಆದರೆ ಬಸಿಗಾಲುವೆ ಒಬ್ಬನಿಂದ ಆಗುವ ಕೆಲಸವಲ್ಲ. ಮೇಲಿನವನ ಗದ್ದೆಯ ನೀರು ಕೆಳಗಿನವನ ಹೊಲಕ್ಕೆ ಬಸಿಯುತ್ತದೆ. ಕೆಡಿಸುವವನು ಒಬ್ಬ, ಕೆಟ್ಟದ್ದನ್ನು ಅನುಭವಿಸುವವನು ಇನ್ನೊಬ್ಬ. ಕೆಳಗಿನವನು ತನ್ನ ಹೊಲಕ್ಕೆ ಎಷ್ಟು ಜಿಪ್ಸಂ ಹಾಕಿದರೂ ಮೇಲಿನಿಂದ ನೀರು ಬರುತ್ತಲೇ ಇರುತ್ತದೆ.

ಚೀಟಿ ಮತ್ತು ಚೀಲ

2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಂದಿಗೆ ‘ಭೂಚೇತನ’ ಯೋಜನೆ ತಂದಿತು. ಮಳೆಯಾಶ್ರಿತ ಹೊಲಗಳ ಮಣ್ಣಿನಲ್ಲಿ ಸತು, ಬೋರಾನ್, ಗಂಧಕ ಕಡಿಮೆ ಇರುವುದನ್ನು ಪರೀಕ್ಷೆಯಿಂದ ತಿಳಿದು, ಅವನ್ನು ಅರ್ಧ ಬೆಲೆಗೆ ರೈತ ಸಂಪರ್ಕ ಕೇಂದ್ರಗಳಲ್ಲಿ ಕೊಟ್ಟರು. ಹಳ್ಳಿಯವರನ್ನೇ ರೈತ ಅನುವುಗಾರರನ್ನಾಗಿ ನೇಮಿಸಿದರು. ಇಳುವರಿಯನ್ನು ಶೇ 20ರಷ್ಟು ಏರಿಸುವ ಗುರಿ ಇತ್ತು. ಹಲವೆಡೆ ರೈತರು ಇದನ್ನು ಒಪ್ಪಿದರು. ಖರ್ಚು ಕಡಿಮೆ, ಬಿತ್ತನೆಯ ಹೊತ್ತಿಗೇ ಸಾಮಗ್ರಿ ಕೈಗೆ, ಫಲ ಅದೇ ಸುಗ್ಗಿಗೆ.

2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಆರಂಭಿಸಿತು. ಹೊಲದಲ್ಲಿ ಏನು ಕಡಿಮೆ ಎಂದು ಅದು ಹೇಳುತ್ತದೆ. ಆದರೆ ಸಣ್ಣ ರೈತನ ಗೊಬ್ಬರವನ್ನು ಎಷ್ಟೋ ಸಲ ತೀರ್ಮಾನಿಸುವುದು ಉದ್ರಿ ಕೊಡುವ ಅಂಗಡಿ. ಅಲ್ಲಿ ಇರುವ ಚೀಲವನ್ನೇ ತರಬೇಕು. ಜೊತೆಗೆ ಯೂರಿಯಾ ಬೆಲೆಯನ್ನು ಸರ್ಕಾರವೇ ಅಗ್ಗವಾಗಿ ಇಟ್ಟಿದೆ. ಚೀಟಿ ಒಂದು ಹೇಳಿದರೆ ಬೆಲೆ ಇನ್ನೊಂದು ಹೇಳುತ್ತದೆ. ರೈತ ಬೆಲೆಯ ಮಾತು ಕೇಳುತ್ತಾನೆ.

ಬರೆಯದ ಗುತ್ತಿಗೆ

ಈ ಎಲ್ಲಕ್ಕಿಂತ ಆಳದಲ್ಲಿರುವುದು ಕೌಲಿನ ಪ್ರಶ್ನೆ. 1974ರ ಮಾರ್ಚ್ 1ರಿಂದ ಜಾರಿಯಾದ ಭೂ ಸುಧಾರಣೆ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿ ಮಾಡಲು ಹೊರಟು ಗೇಣಿಯನ್ನು ನಿಷೇಧಿಸಿತು. ಅದರಿಂದ ಭೂಮಿ ಪಡೆದವರ ಬದುಕು ಬದಲಾಯಿತು. ಆದರೆ ಗೇಣಿ ಹೋಗಲಿಲ್ಲ. ಕಾಗದದಿಂದ ಬಾಯಿಗೆ ಬಂತು. ಪಟ್ಟಣ ಸೇರಿದವರ ಹೊಲ, ವಯಸ್ಸಾದವರ ಹೊಲ, ಸಾಲಗಾರರ ಹೊಲವನ್ನು ಸಣ್ಣ ರೈತರೂ ಭೂಮಿಯಿಲ್ಲದವರೂ ಇಂದು ಕೋರಿಗೋ ಗುತ್ತಿಗೆಗೋ ಮಾಡುತ್ತಾರೆ. ಕರಾರು ಬಾಯಿಮಾತಿನದು, ಹೆಚ್ಚಾಗಿ ಒಂದು ವರ್ಷದ್ದು. ಕೈ ಬಿಟ್ಟುಹೋದೀತು ಎಂಬ ಹೆದರಿಕೆಯಿಂದ ಒಡೆಯ ಬರೆದು ಕೊಡುವುದಿಲ್ಲ. ಬರಹವಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ.

ಗೋಡು ಮಣ್ಣು ಹಾಕಿದರೆ ಅದರ ಸತ್ವ ಹಲವು ಬೆಳೆಗೆ ಬರುತ್ತದೆ. ಸವಳು ತಿದ್ದಲು ಮೂರ್ನಾಲ್ಕು ವರ್ಷವಾದರೂ ಬೇಕು. ಮುಂದಿನ ಯುಗಾದಿಗೆ ಈ ಹೊಲ ತನ್ನ ಕೈಯಲ್ಲಿ ಇರುತ್ತದೋ ಇಲ್ಲವೋ ತಿಳಿಯದವನು ಯಾರ ಸಲುವಾಗಿ ಗೋಡು ಹೊರಬೇಕು? ಹೊಲ ಚೆನ್ನಾಗಿ ಕಂಡರೆ ಮರುವರ್ಷ ಗುತ್ತಿಗೆ ಏರುವುದೂ ಉಂಟು. ಹಾಗಾಗಿ ಅವನು ಯೂರಿಯಾ ಚೆಲ್ಲಿ, ಬಂದಷ್ಟು ಬೆಳೆದು, ಹೊಲ ಬಿಟ್ಟುಕೊಡುತ್ತಾನೆ. ಇದನ್ನು ಅಜ್ಞಾನ ಎನ್ನುವುದು ಸುಲಭ. ಆದರೆ ಅದೇ ಮನುಷ್ಯ ತನ್ನ ಸ್ವಂತ ಒಂದೆಕರೆಗೆ ಕುರಿ ಹಿಂಡು ನಿಲ್ಲಿಸುವುದಕ್ಕೆ ಹಣ ಕೊಟ್ಟಿರುತ್ತಾನೆ.

ಎರಡು ಶತಮಾನದ ಈ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟ. ಯಾವ ಸುಧಾರಣೆಯೇ ಆಗಲಿ, ಸಣ್ಣ ರೈತ ಅದಕ್ಕೆ ಕೇಳುವ ಪ್ರಶ್ನೆಗಳು ನಾಲ್ಕೇ. ಖರ್ಚು ಯಾರದು? ಫಲ ಯಾವಾಗ? ಅದು ನನ್ನ ಕೈಗೇ ಬರುತ್ತದೆಯೇ? ಮಳೆ ಬಾರದಿದ್ದರೆ ನಷ್ಟ ಯಾರಿಗೆ? ಉತ್ತರ ಸಿಕ್ಕಾಗ ಅವನು ತಡ ಮಾಡಿದ್ದಿಲ್ಲ. ಉತ್ತರ ಕೊಡದ ಯೋಜನೆಗಳ ಬದುಗಳನ್ನು ಎರೆ ಮಣ್ಣೇ ಬಿರುಕು ಬಿಟ್ಟು ಒಡೆದಿದೆ.

ಹಿಂದಿನವರು ಪಾಳು ಬಿದ್ದ ಭೂಮಿಗೆ ಒಕ್ಕಲು ಕರೆಯುವಾಗ ಮೊದಲು ಕೌಲು ಕೊಡುತ್ತಿದ್ದರು, ಆಮೇಲೆ ನೇಗಿಲು ಹೂಡಿಸುತ್ತಿದ್ದರು. ಈಗ ತರಬೇತಿ ಮೊದಲು ಬರುತ್ತದೆ, ಕರಪತ್ರ ಬರುತ್ತದೆ, ಚೀಟಿ ಬರುತ್ತದೆ. ಹೊಲ ಇನ್ನು ನಾಲ್ಕು ವರ್ಷ ನಿನ್ನ ಕೈಯಲ್ಲೇ ಇರುತ್ತದೆ ಎಂದು ಬರೆದುಕೊಡುವವರು ಮಾತ್ರ ಇನ್ನೂ ಬಂದಿಲ್ಲ.